ಆಟ ನಡೆಸುವ ಪಾಳಿ
ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಚ್ಚಾಗಿ ಬಂದಾಗಿನಿಂದಲೂ, ಮೇಜಿನ ಸುತ್ತ ಕೂತು ಪಾತ್ರ ಕಟ್ಟಿ ಆಡುವ ಈ ಆಟಗಳಲ್ಲಿ ಆಟ ನಡೆಸುವ ಗೇಮ್ ಮಾಸ್ಟರ್ ಹೆಗಲಿಗೇ ಹೊರೆ ಜಾಸ್ತಿ. ಗುಹೆಯ ನಕ್ಷೆ ಬರೆಯಬೇಕು, ರಾಕ್ಷಸರನ್ನು ಸಾಕಬೇಕು, ನಿಯಮದ ಜಗಳ ಬಿಡಿಸಬೇಕು. ಉಳಿದವರು ದಾಳ ಹಿಡಿದು ಬಂದರೆ ಸಾಕು. ಅದನ್ನೂ ಮಾಡದೆ, ಆಟಕ್ಕೆ ಅರ್ಧ ಗಂಟೆ ಇರುವಾಗ ‘ಇವತ್ತಾಗಲ್ಲ ಗುರು’ ಎಂದು ಮೆಸೇಜ್ ಹಾಕುವ ಮಹನೀಯರಿದ್ದಾರೆ. ಆಟ ನಡೆಸುವ ಹೊರೆ ಹಂಚಿಕೊಳ್ಳುವುದು ಹೊಸದೇನಲ್ಲ: ಅಮೆರಿಕದ ಲೇಕ್ ಜಿನೀವಾದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕರ್ತೃಗಳಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಕೂಡ ತಮ್ಮ ಗ್ರೇಹಾಕ್ ಕಥಾಲೋಕದ ಆಟ ನಡೆಸಲು ರಾಬ್ ಕುಂಟ್ಜ್ ಅವರನ್ನು ಜೊತೆಗೆ ಸೇರಿಸಿಕೊಂಡಿದ್ದರು. 1987ರ ಆರ್ಸ್ ಮ್ಯಾಜಿಕಾ ಎಂಬ ಇಂಥದೇ ಆಟ ಇನ್ನೂ ಮುಂದೆ ಹೋಗಿ, ಕಥೆ ನಡೆಸುವ ಕೆಲಸವನ್ನು ಸರದಿಯಲ್ಲಿ ಹಂಚಿಕೊಳ್ಳಿ ಎಂದಿತು. ನನಗಿದು ಸರಿ ಕಾಣುತ್ತದೆ: ಒಮ್ಮೆ ನಕ್ಷೆ ಬರೆದು ಕಾದು ಕೂತವನು ಮುಂದಿನ ವಾರ ಅಷ್ಟು ಸುಲಭಕ್ಕೆ ಚಕ್ಕರ್ ಹೊಡೆಯುವುದಿಲ್ಲ. ತೊಡಕೂ ಇದೆಯೆನ್ನಿ, ಒಬ್ಬನ ಪಾಳಿಯಲ್ಲಿ ಸತ್ತ ರಾಕ್ಷಸ ಇನ್ನೊಬ್ಬನ ಪಾಳಿಯಲ್ಲಿ ಎದ್ದು ಬರುವುದುಂಟು.