ಜೂನಿಯರ್‌ಗಳನ್ನು ಮೈದಾನಕ್ಕಿಳಿಸಿ: ಹಾಕಿ ಆಡಳಿತಗಾರರಿಗೆ ಬಹಿರಂಗ ಪತ್ರ

ದೇಶದ ಹಾಕಿ ಆಡಳಿತಗಾರರಿಗೆ, ಆಯ್ಕೆ ಸಮಿತಿಯವರಿಗೆ, ಲೀಗ್ ತಂಡಗಳ ಕೋಚ್‌ಗಳಿಗೆ,



ಕೊಡಗಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಹಾಕಿ ಹೇಳಿಕೊಡುವವನು ನಾನು. ನನ್ನ ಹತ್ತಿರ ಕಲಿತ ಹುಡುಗನೊಬ್ಬ ಹತ್ತೊಂಬತ್ತನೇ ವಯಸ್ಸಿಗೆ ವೃತ್ತಿಪರ ತಂಡವೊಂದಕ್ಕೆ ಆಯ್ಕೆಯಾದ. ಊರಿಗೆ ಊರೇ ಸಂಭ್ರಮಪಟ್ಟಿತು. ಪ್ರತಿ ಪಂದ್ಯಕ್ಕೂ ಟಿ.ವಿ. ಮುಂದೆ ಕೂತು ಕಾದೆವು. ಕೊನೆಯ ಪಂದ್ಯದವರೆಗೂ ಅವನು ಕಂಡದ್ದು ಬೆಂಚಿನ ಮೇಲೆಯೇ. ಊರಿಗೆ ಬಂದವನು ಕೇಳಿದ: "ಸರ್, ನನ್ನ ಆಟದಲ್ಲಿ ಏನು ತಪ್ಪಿದೆ ಅಂತ ಗೊತ್ತಾಗೋಕಾದ್ರೂ ನಾನು ಆಡಬೇಕಲ್ವಾ?"

2024ರ ಡಿಸೆಂಬರಿನಲ್ಲಿ ಹಾಕಿ ಇಂಡಿಯಾ ಲೀಗ್ ಮತ್ತೆ ಶುರುವಾದಾಗ, ಪ್ರತಿ ತಂಡದ 24 ಆಟಗಾರರಲ್ಲಿ ನಾಲ್ವರು ಜೂನಿಯರ್‌ಗಳು ಇರಲೇಬೇಕೆಂದು ನಿಯಮ ಮಾಡಿದಿರಿ. ಒಳ್ಳೆಯ ನಿಯಮ. ಆದರೆ ಪಟ್ಟಿಯಲ್ಲಿ ಹೆಸರಿರುವುದು ಬೇರೆ, ಟರ್ಫ್ ಮೇಲೆ ಓಡುವುದು ಬೇರೆ. ನಮ್ಮ ಆಟದಲ್ಲಿ ಬದಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಇಳಿಸಬಹುದು, ವಾಪಸ್ ಕರೆಸಬಹುದು. 15 ನಿಮಿಷದ ಒಂದು ಕ್ವಾರ್ಟರಿನಲ್ಲಿ ಹುಡುಗನಿಗೆ ಐದು ನಿಮಿಷ ಕೊಟ್ಟರೆ ಪಂದ್ಯವೇನೂ ಕೈತಪ್ಪಿ ಹೋಗುವುದಿಲ್ಲ. ತಪ್ಪು ಮಾಡಿದರೆ ಕರೆಸಿ, ಹೇಳಿ, ಮತ್ತೆ ಕಳಿಸಿ. ಕಲಿಸುವುದಕ್ಕೆ ಇಷ್ಟು ಅನುಕೂಲವಾದ ಆಟ ಇನ್ನೊಂದು ಇದೆಯೇ?

ಭಾರತ ತಂಡವನ್ನು ಮತ್ತೆ ಕಟ್ಟಬೇಕಾದ ಕಾಲ ಇದು. ಪ್ಯಾರಿಸ್ ಒಲಿಂಪಿಕ್ಸ್ ಕಂಚಿನೊಂದಿಗೆ ಗೋಲ್‌ಕೀಪರ್ ಶ್ರೀಜೇಶ್ ವಿದಾಯ ಹೇಳಿದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಹೊತ್ತಿಗೆ ಹಿರಿಯ ಆಟಗಾರರಾದ ಹರ್ಮನ್‌ಪ್ರೀತ್‌ಗೆ 32, ಮನ್‌ಪ್ರೀತ್‌ಗೆ 36. 2025ರ ಜೂನ್‌ನಲ್ಲಿ ಯುರೋಪಿನಲ್ಲಿ ಅಂತರರಾಷ್ಟ್ರೀಯ ಪ್ರೊ ಲೀಗಿನ ಏಳು ಪಂದ್ಯಗಳನ್ನು ಸಾಲಾಗಿ ಸೋತೆವು. ಒಂಬತ್ತು ತಂಡಗಳಲ್ಲಿ ಎಂಟನೆಯವರಾದೆವು. ಆ ವರ್ಷವೇ ಏಷ್ಯಾ ಕಪ್ ಗೆದ್ದದ್ದು ಸಮಾಧಾನ. ಆದರೆ ಗೆದ್ದಾಗ ಹಳಬರನ್ನೇ ನೆಚ್ಚಿಕೊಂಡು, ಸೋತಾಗ ಹುಡುಗರನ್ನು ಒಟ್ಟಿಗೇ ನೀರಿಗೆ ತಳ್ಳುವ ಅಭ್ಯಾಸ ನನಗೆ ಭಯ ಹುಟ್ಟಿಸುತ್ತದೆ. ಹೊಸಬನನ್ನು ಇಳಿಸಬೇಕಾದದ್ದು ಹಳಬ ಇನ್ನೂ ಪಕ್ಕದಲ್ಲಿ ಓಡುತ್ತಿರುವಾಗ.

ಇದನ್ನು ನೀವೇ ಮಾಡಿ ತೋರಿಸಿದ್ದೀರಿ. ವಿವೇಕ್ ಸಾಗರ್ ಪ್ರಸಾದ್ ಹಿರಿಯರ ತಂಡಕ್ಕೆ ಬಂದದ್ದು 2018ರಲ್ಲಿ, ಹದಿನೇಳನೇ ವಯಸ್ಸಿಗೆ. ಟೋಕಿಯೊದಲ್ಲಿ ಕಂಚು ಗೆದ್ದು ಬಂದ ಅದೇ 2021ರಲ್ಲಿ ಭುವನೇಶ್ವರದ ಜೂನಿಯರ್ ವಿಶ್ವಕಪ್‌ನಲ್ಲಿ ನಾಯಕರಾದರು. ಹರ್ಮನ್‌ಪ್ರೀತ್ ಕೂಡ ರಿಯೊ ಒಲಿಂಪಿಕ್ಸ್ ಆಡಿದ ವರ್ಷವೇ ಲಖನೌದಲ್ಲಿ ಜೂನಿಯರ್ ತಂಡದ ಜೊತೆ ಚಿನ್ನ ಗೆದ್ದರು. ಮೇಲೆ ಆಡಿದವನು ಕೆಳಗೆ ಬಂದು ಜವಾಬ್ದಾರಿ ಹೊರುವುದರಲ್ಲಿ ಅವಮಾನವಿಲ್ಲ. ಆ ಲಖನೌ ತಂಡದ ನಾಯಕ ಹರ್ಜೀತ್ ಸಿಂಗ್‌ಗೆ ಮಾತ್ರ ಒಲಿಂಪಿಕ್ಸ್ ಕೈಗೆಟುಕಲೇ ಇಲ್ಲ. ಅವರ ನೆನಪಾದಾಗಲೆಲ್ಲ ನನ್ನ ಹುಡುಗನ ಮುಖ ಕಣ್ಮುಂದೆ ಬರುತ್ತದೆ.

ನಮ್ಮ ಜಿಲ್ಲೆಯ ಮಾತನ್ನೂ ಹೇಳಿಬಿಡುತ್ತೇನೆ. ಸೋಮವಾರಪೇಟೆಯ ಎಸ್.ವಿ. ಸುನಿಲ್‌ರನ್ನು 2007ರಲ್ಲಿ, ಹದಿನೆಂಟರ ಹರೆಯದಲ್ಲಿ, ಚೆನ್ನೈನ ಏಷ್ಯಾ ಕಪ್‌ಗೆ ಇಳಿಸಿದರು. ಮುಂದೆ ಅವರು ಎರಡು ಒಲಿಂಪಿಕ್ಸ್ ಆಡಿದರು. ಆದರೆ ಟೋಕಿಯೊ ಮತ್ತು ಪ್ಯಾರಿಸ್‌ಗೆ ಹೋದ ಪುರುಷರ ತಂಡಗಳಲ್ಲಿ ಕರ್ನಾಟಕದವರು ಒಬ್ಬರೂ ಇರಲಿಲ್ಲ. ರಾಷ್ಟ್ರೀಯ ಶಿಬಿರ ನಡೆಯುವುದು ಮಾತ್ರ ನಮ್ಮದೇ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ. 1997ರಿಂದ ನಡೆದುಬಂದಿರುವ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ನೂರಾರು ಕುಟುಂಬಗಳು ತಂಡ ಕಟ್ಟಿಕೊಂಡು ಆಡುತ್ತವೆ. ಆದರೂ ಲೀಗ್ ಮತ್ತೆ ಶುರುವಾದಾಗ ಪುರುಷರ ಎಂಟು ತಂಡಗಳಲ್ಲಿ ನಮ್ಮ ರಾಜ್ಯದ ತಂಡವಿರಲಿಲ್ಲ. ನಮ್ಮ ಹುಡುಗ ಯಾವ ಬಾಗಿಲು ತಟ್ಟಬೇಕು?

ನನ್ನ ಬೇಡಿಕೆ ದೊಡ್ಡದಲ್ಲ. ಲೀಗಿನ ಪ್ರತಿ ಪಂದ್ಯದಲ್ಲೂ ಇಬ್ಬರು ಜೂನಿಯರ್‌ಗಳು ತಲಾ ಒಂದು ಕ್ವಾರ್ಟರಿನಷ್ಟು ಹೊತ್ತಾದರೂ ಆಡಲೇಬೇಕೆಂದು ನಿಯಮ ಮಾಡಿ. ಯಾರು ಎಷ್ಟು ನಿಮಿಷ ಆಡಿದರೆಂದು ಋತು ಮುಗಿದ ಮೇಲೆ ಪ್ರಕಟಿಸಿ. ಕರ್ನಾಟಕಕ್ಕೊಂದು ತಂಡ ಕೊಡಿ.

ನನ್ನ ಹುಡುಗ ಈಗಲೂ ಬೆಳಗ್ಗೆ ಆರಕ್ಕೆ ಸ್ಟಿಕ್ ಹಿಡಿದು ಮೈದಾನಕ್ಕೆ ಬರುತ್ತಾನೆ. ಅವನ ಜೂನಿಯರ್ ವಯಸ್ಸು ಮುಗಿಯಲು ಇನ್ನು ಎಂಟು ತಿಂಗಳಿದೆ.

ಇಂತಿ,
ಕೊಡಗಿನ ಒಬ್ಬ ಹಾಕಿ ತರಬೇತುದಾರ