ಬುರುಜು ಹೊತ್ತವರ ಲೆಕ್ಕ

ಅಕ್ಟೋಬರ್ 23 ಬಂತೆಂದರೆ ಕಿತ್ತೂರಲ್ಲಿ ಉತ್ಸವ. ಭಾಷಣದವರು ಕೋಟೆ ಅಂತಾರ, ಬುರುಜು ಅಂತಾರ, ತೋಪು ಅಂತಾರ. ಆ ಬುರುಜಿನ ಕಲ್ಲು ಯಾರ ಬೆನ್ನ ಮ್ಯಾಲೆ ಬಂತು ಅಂತ ಮಾತ್ರ ಒಬ್ಬರೂ ಬಾಯಿ ಬಿಡೂದಿಲ್ಲ.

ಸವದತ್ತಿ ಕೋಟೆಯ ಕತೆ ಕೇಳ್ರಿ. ಹದಿನೆಂಟನೇ ಶತಮಾನದಾಗ ಸಿರಸಂಗಿಯ ಜಾಯಪ್ಪ ದೇಸಾಯರು ಕಟ್ಟಿಸಿದರು, ಎಂಟು ಬುರುಜು ಅಂತ ಹೇಳತಾರ. ಕಟ್ಟಿಸಿದರು, ಸರಿ. ಕಟ್ಟಿದವರು ಯಾರು? ನಮ್ಮ ವ್ಯಾಕರಣದ 'ಇಸು' ಅನ್ನೋ ಒಂದು ಪ್ರತ್ಯಯದ ಅಡಿಗೆ ಎಷ್ಟು ಜನರನ್ನು ಹೂಳಿದ್ದಾರೆ ನೋಡಿರಿ!

ಬುರುಜು ದುಂಡಗಿರುವುದು ಚಂದಕ್ಕಲ್ಲ. ದುಂಡು ಮೈಗೆ ಬಡಿದ ಗುಂಡು ಓರೆಯಾಗಿ ಜಾರುತ್ತದೆ. ಕಲ್ಲಿನ ಒಳಗೆ ತುಂಬಿ ದಮ್ಮಸು ಮಾಡಿದ ಮಣ್ಣು ಪೆಟ್ಟನ್ನು ನುಂಗುತ್ತದೆ. ಬರೇ ಕಲ್ಲಾದರೆ ಸಿಡಿದ ಚೂರೇ ಒಳಗಿನವರನ್ನು ಕೊಲ್ಲುತ್ತದೆ. ತೋಪು ಹಾರಿದಾಗ ಹಿಂದಕ್ಕೆ ಒದೆಯುತ್ತದೆ, ಆ ಒದೆ ತಾಳುವಂಥ ಕಟ್ಟೆ ಮೇಲೆ ಬೇಕು. ಇದೆಲ್ಲ ಕೋಟೆಯ ಶಾಸ್ತ್ರ. ಆದರೆ ಕಲ್ಲು ಒಡೆದದ್ದು ವಡ್ಡರ ಸುತ್ತಿಗೆ. ಮಣ್ಣು ಹೊತ್ತದ್ದು ಬಿಟ್ಟಿಗೆ ಬಂದ ಕೇರಿಯ ತಲೆ. ತೋಪಿನ ಗಾಡಿ ಎಳೆದ ಎತ್ತಿನ ಮಿಣಿ ಹದ ಮಾಡಿದ್ದು ಮಾದರ ಕೈ. ಕೋಟೆ ಎದ್ದ ಮೇಲೆ ಆ ಕೈಗಳ ಮನೆ ಎಲ್ಲಿ? ಅಗಸಿಯ ಹೊರಗೆ. ಹೊರಗಿನಿಂದ ಬರುವ ಗುಂಡಿಗೆ ಮೊದಲನೇ ಗೋಡೆ ನಮ್ಮ ಗುಡಿಸಲು!

ಕಿತ್ತೂರು ಬಿದ್ದದ್ದು ಮದ್ದಿಗೆ ಸೆಗಣಿ ಬೆರೆಸಿದ ದ್ರೋಹದಿಂದ ಅಂತ ಜನ ಹೇಳತಾರ. ಮಲ್ಲಪ್ಪಶೆಟ್ಟಿ, ವೆಂಕಟರಾವ್ ಹೆಸರು ಹಿಡಿದು ಇವತ್ತಿಗೂ ಉಗುಳತಾರ. ಉಗುಳಲಿ. ಆದರೆ ಮದ್ದಿನ ಜೀವ ಪೆಟ್ಲುಪ್ಪು. ದನದ ಕೊಟ್ಟಿಗೆಯ, ಹಳೇ ಗ್ವಾಡಿ ಬುಡದ ಮಣ್ಣು ಕೆರೆದು, ನೀರಾಗ ಕಲಸಿ, ಸೋಸಿ, ಕುದಿಸಿ ತೆಗೆಯುವ ಉಪ್ಪು ಅದು. ಮದ್ದು ಕೆಡಿಸಿದವರ ಹೆಸರು ಇತಿಹಾಸಕ್ಕೆ ಗೊತ್ತು, ಮದ್ದಿಗೆ ಮಣ್ಣು ಕೆರೆದವರ ಹೆಸರು ಗೊತ್ತಿಲ್ಲ. ದ್ರೋಹಿಗೆ ಸಿಕ್ಕ ಜಾಗವೂ ದುಡಿದವನಿಗೆ ಸಿಗಲಿಲ್ಲ.

ಚೆನ್ನಮ್ಮ ತಾಯಿಯ ಕೆಚ್ಚಿಗೆ ನಾವೂ ಶರಣು ಅನ್ನುವವರೇ. ಆದರೆ ಸಂಸ್ಥಾನದ ಲೆಕ್ಕ ಬೇರೆ. 1818ರಲ್ಲಿ ಮನ್ರೋ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಇದೇ ಕಿತ್ತೂರು ಸಂಸ್ಥಾನ ಕಂಪನಿಗೆ ನೆರವಾಗಿತ್ತು. ಆರೇ ವರ್ಷಕ್ಕೆ, 1824ರ ಅಕ್ಟೋಬರ್ 23ರಂದು, ಕಲೆಕ್ಟರ್ ಥ್ಯಾಕರೆ ಕಿತ್ತೂರ ಬಾಗಿಲಿಗೇ ತೋಪು ತಂದ. ಅವತ್ತು ಗೆದ್ದದ್ದು ಬುರುಜಲ್ಲ. ಬಾಗಿಲು ತೆರೆದು ಹೊರಗೆ ನುಗ್ಗಿದ ಜನ. ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ತೋಪು ತಂದಾಗ ಅದೇ ಗೋಡೆ ಒಡೆಯಿತು. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿ 1829ರಲ್ಲಿ ತೀರಿಕೊಂಡಳು. ರಾಣಿಯನ್ನು ಕಾಯಬೇಕಾದ ಗೋಡೆಯೇ ರಾಣಿಯನ್ನು ಕೂಡಿಹಾಕಿತು.

ಆಮೇಲೆ ಎದ್ದವನು ಸಂಗೊಳ್ಳಿ ರಾಯಣ್ಣ. ಕುರುಬರ ಹುಡುಗ, ಊರ ವಾಲೀಕಾರ. ಅವನಿಗೆ ಯಾವ ಬುರುಜಿತ್ತು? ಕಾಡೇ ಕೋಟೆ. ಹಿಡಿದುಕೊಟ್ಟರು, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೆ ಹಾಕಿದರು. 1857ರಲ್ಲಿ ಆಯುಧ ಒಪ್ಪಿಸಿರಿ ಅಂದಾಗ ಒಪ್ಪದ ಹಲಗಲಿ ಬೇಡರಿಗೂ ಕೋಟೆ ಇರಲಿಲ್ಲ. ಅವರ ಊರನ್ನೇ ಸುಟ್ಟರು. ಮರುವರ್ಷ ನರಗುಂದದ ಬಾಬಾಸಾಹೇಬ ತಿರುಗಿಬಿದ್ದ, ನೇಣಿಗೇರಿದ. ಅದೇ ಭಾವೆ ಮನೆತನದ ರಾಮದುರ್ಗ ಇಂಗ್ರಜರ ಕಡೆ ನಿಂತು 1948ರ ತನಕ ಗಾದಿ ಉಳಿಸಿಕೊಂಡಿತು.

ಈಗ ಸರಕಾರಕ್ಕೆ ನಮ್ಮ ಮಾತು ಇಷ್ಟು. ಮುಂದಿನ ಉತ್ಸವದೊಳಗೆ ಕಿತ್ತೂರು, ಸವದತ್ತಿ, ರಾಮದುರ್ಗದ ಬುರುಜಿನ ಬುಡಕ್ಕೆ ಒಂದೊಂದು ಕಲ್ಲು ನಿಲ್ಲಿಸಿರಿ. ಹೆಸರು ಸಿಗದಿದ್ದರೆ ಕಸುಬು ಬರೆಯಿರಿ: ಕಲ್ಲು ಒಡೆದವರು, ಮಣ್ಣು ಹೊತ್ತವರು, ತೊಗಲು ಹದ ಮಾಡಿದವರು, ಪೆಟ್ಲುಪ್ಪು ಕುದಿಸಿದವರು. 'ಕಟ್ಟಿಸಿದರು' ಬ್ಯಾಡ, 'ಕಟ್ಟಿದರು' ಅಂತ ಬರೆಯಿರಿ. ಆ ಕಲ್ಲಿನ ಪರದೆ ಸರಿಸೋ ಕೈ ಮಂತ್ರಿಯದಾಗಿರಬೇಕಿಲ್ಲ. ಕೇರಿಗೆ ಬಂದು ಕರೆಯಿರಿ, ಯಾರು ಬರಬೇಕು ಅಂತ ನಾವೇ ಹೇಳತೀವಿ.