ನಾಲೆಯ ನೀರು ಮತ್ತು ಪ್ರತಿಜೈವಿಕ ಔಷಧ

ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯದ ಗದ್ದೆಗಳನ್ನು ತಣಿಸಿ, ಮದ್ದೂರು, ಮಳವಳ್ಳಿಗಳ ಕಡೆಯ ಹೊಲಗಳನ್ನೂ ಮುಟ್ಟಬೇಕು. ಮೇಲಿನವರು ಅಗತ್ಯ ಮೀರಿ ಹಾಯಿಸಿಕೊಂಡರೆ ಕೊನೆಯವರ ಪೈರು ಒಣಗುತ್ತದೆ. ಆದುದರಿಂದಲೇ ನೀರು ಕಡಮೆಯಾದಾಗ ಕಟ್ಟು ಪದ್ಧತಿಯಲ್ಲಿ ಹಂಚುವ ಕ್ರಮ ಉಂಟು. ಪ್ರತಿಜೈವಿಕ, ಎಂದರೆ ಆಂಟಿಬಯಾಟಿಕ್, ಔಷಧಗಳ ವಿಷಯದಲ್ಲಿಯೂ ಇದೇ ನ್ಯಾಯ ನಡೆಯಬೇಕೆಂಬುದು ನನ್ನ ಅಭಿಪ್ರಾಯ. ಅವು ಕೊಂಡವನ ಸ್ವಂತ ಸೊತ್ತಲ್ಲ, ಎಲ್ಲರಿಗೂ ಸೇರಿದವು.

ಈ ಔಷಧಗಳು ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತವೆ, ಇಲ್ಲವೆ ಅವುಗಳ ಬೆಳವಣಿಗೆಯನ್ನು ತಡೆಯುತ್ತವೆ. ಪೆನಿಸಿಲಿನ್ ಮತ್ತು ಸೆಫಲೊಸ್ಪೊರಿನ್ ವರ್ಗದವು ಬ್ಯಾಕ್ಟೀರಿಯದ ಕೋಶಭಿತ್ತಿಯನ್ನು ಕಟ್ಟಗೊಡುವುದಿಲ್ಲ. ಟೆಟ್ರಸೈಕ್ಲಿನ್, ಮ್ಯಾಕ್ರೊಲೈಡ್, ಅಮೈನೊಗ್ಲೈಕೊಸೈಡ್ ವರ್ಗದವು ಅದರ ಪ್ರೋಟೀನ್ ತಯಾರಿಕೆಯನ್ನು ಕೆಡಿಸುತ್ತವೆ. ಫ್ಲೋರೊಕ್ವಿನೊಲೋನ್ ವರ್ಗದವು ಡಿ.ಎನ್.ಎ. ನಕಲಾಗುವುದನ್ನು ತಡೆಯುತ್ತವೆ. ವೈರಸ್ಸಿಗೆ ಇಂಥ ಭಿತ್ತಿಯೂ ಇಲ್ಲ, ಸ್ವಂತ ಪ್ರೋಟೀನ್ ಯಂತ್ರವೂ ಇಲ್ಲ. ಹೀಗಿರುವಾಗ ನೆಗಡಿ, ಡೆಂಗೆಗಳಿಗೆ ಈ ಮಾತ್ರೆ ನುಂಗಿ ಫಲವೇನು?

ಫಲವಿಲ್ಲದಿದ್ದರೂ ಕೇಡು ಉಂಟು. ಪೆನಿಸಿಲಿನ್ ಒಗ್ಗದವರಿಗೆ ಪ್ರಾಣಾಪಾಯವೇ ಒದಗಬಹುದು. ಅಮೈನೊಗ್ಲೈಕೊಸೈಡಿನಿಂದ ಕಿವಿಗೂ ಮೂತ್ರಪಿಂಡಕ್ಕೂ ಹಾನಿಯಾಗಬಹುದು. ಟೆಟ್ರಸೈಕ್ಲಿನ್ ಎಳೆಯ ಮಕ್ಕಳ ಹಲ್ಲಿನ ಬಣ್ಣವನ್ನು ಶಾಶ್ವತವಾಗಿ ಕೆಡಿಸಬಲ್ಲದು. ಫ್ಲೋರೊಕ್ವಿನೊಲೋನ್ ಕೆಲವರಲ್ಲಿ ಸ್ನಾಯುರಜ್ಜುಗಳನ್ನು ಹರಿಯುವಂತೆ ಮಾಡುತ್ತದೆ. ಇವನ್ನೆಲ್ಲ ತೂಗಿ ನೋಡಬಲ್ಲವನು ವೈದ್ಯನೇ ಹೊರತು ಅಂಗಡಿಯವನಲ್ಲ.

ಇನ್ನೂ ದೊಡ್ಡ ಕೇಡೊಂದಿದೆ. ಅನುಕೂಲ ಪರಿಸ್ಥಿತಿಯಲ್ಲಿ ಕೆಲವು ಬ್ಯಾಕ್ಟೀರಿಯಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಸುತ್ತವೆ. ಲೆಕ್ಕ ಹಾಕಿ ನೋಡಿ: 10 ಗಂಟೆಗಳಲ್ಲಿ 30 ಇಮ್ಮಡಿ, ಒಂದು ಜೀವಿ ನೂರು ಕೋಟಿಯನ್ನು ಮೀರಿತು! ಇಷ್ಟು ದೊಡ್ಡ ಸಂತತಿಯಲ್ಲಿ ಔಷಧಕ್ಕೆ ಜಗ್ಗದ ಒಂದೆರಡು ಹುಟ್ಟುವುದು ಸಹಜ. ಔಷಧವು ದುರ್ಬಲವಾದವನ್ನು ಅಳಿಸುತ್ತದೆ. ಜಗ್ಗದವು ಉಳಿದು, ಬೆಳೆದು, ಮನೆಯಿಂದ ಮನೆಗೆ ಹರಡುತ್ತವೆ. ಪೆನಿಸಿಲಿನ್ ಅಂಗಡಿಯಲ್ಲಿ ಯಾರಿಗೂ ದೊರೆಯುವ ದಿನ ಬಂದರೆ ಇಂಥ ಅಪಾಯವುಂಟೆಂದು ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ ಎಚ್ಚರಿಸಿದ್ದರು.

ನಮ್ಮಲ್ಲಿ ಕಾನೂನು ಇಲ್ಲದಿಲ್ಲ. 2014ರಲ್ಲಿ ಜಾರಿಗೆ ಬಂದ ಎಚ್-1 ಪಟ್ಟಿಯಂತೆ, ಹಲವು ಪ್ರಬಲ ಪ್ರತಿಜೈವಿಕಗಳನ್ನು ಮಾರುವಾಗ ವೈದ್ಯನ ಹೆಸರನ್ನೂ ರೋಗಿಯ ಹೆಸರನ್ನೂ ಬರೆದಿಡಬೇಕು. ಆದರೆ ಕಬ್ಬು ಕಡಿಯುವ ಕೂಲಿಯವನ ಕಷ್ಟವನ್ನೂ ನೋಡಬೇಕಲ್ಲವೆ? ಆಸ್ಪತ್ರೆಯಲ್ಲಿ ಅರ್ಧ ದಿನ ಕಾದರೆ ಅವನ ಅಂದಿನ ಕೂಲಿ ಹೋಯಿತು. ಅಂಗಡಿಯ ಎರಡು ಮಾತ್ರೆ ಅವನಿಗೆ ಅಗ್ಗ. ಅವನನ್ನು ಬೈದು ಪ್ರಯೋಜನವಿಲ್ಲ. ಹೋಬಳಿಯ ಆರೋಗ್ಯ ಕೇಂದ್ರಗಳು ಸಂಜೆಯ ಹೊತ್ತೂ ತೆರೆದಿರಬೇಕು. ಯಾವ ಬ್ಯಾಕ್ಟೀರಿಯಕ್ಕೆ ಯಾವ ಔಷಧ ತಾಗುತ್ತದೆಂಬ ಪರೀಕ್ಷೆ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ದೊರೆಯಬೇಕು. ಅದಿಲ್ಲದೆ ಕಾನೂನು ಬರಿಯ ಕಾಗದ.

ವಿದ್ಯಾರ್ಥಿಗಳಾದ ನೀವು ಮಾಡಬಹುದಾದುದೂ ಉಂಟು. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧದ ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇರುತ್ತದೆ. ಅದನ್ನು ಮನೆಯವರಿಗೆ ತೋರಿಸಿ. ವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟೇ ಪ್ರಮಾಣದಲ್ಲಿ ಔಷಧ ನಡೆಯಲಿ. ಉಳಿದ ಮಾತ್ರೆಯನ್ನು ನೆರೆಯವರಿಗೆ ಕೊಡುವುದು ಉಪಕಾರವಲ್ಲ. ನಾಲೆಯ ಕೊನೆಯವರು ಬೇರೆ ಊರಿನವರು. ಈ ಔಷಧಗಳ ಮಟ್ಟಿಗೆ ಕೊನೆಯಲ್ಲಿರುವವರು ನಿಮ್ಮ ತಮ್ಮ ತಂಗಿಯರು, ಮುಂದೆ ಹುಟ್ಟುವ ಮಕ್ಕಳು. ಅವರ ಪಾಲನ್ನು ನಾವು ಮುಗಿಸಿಬಿಡಬಾರದು.